ಏಕಾಂತಯ್ಯ ಮೇಷ್ಟ್ರು ಸೇರಿಸಿದ ಮಟ್ಟೆ

ತಿಪಟೂರು ಮಾರುಕಟ್ಟೆಯ ದೊಡ್ಡ ತಕ್ಕಡಿಯ ಒಂದು ತಟ್ಟೆಗೆ ಮೂರು ತಾಲ್ಲೂಕಿನ ಕೊಬ್ಬರಿಯನ್ನೆಲ್ಲ ಸುರಿದು, ಇನ್ನೊಂದು ತಟ್ಟೆಗೆ ಏಕಾಂತಯ್ಯ ಮೇಷ್ಟ್ರ ಒಂದೇ ಒಂದು ಭಾಷಣ ಇಟ್ಟರೂ ಸಾಕಿತ್ತು, ಕೊಬ್ಬರಿಯೆಲ್ಲ ಮೇಲೆದ್ದು ಸೂರಿಗೆ ಬಡಿಯುತ್ತಿತ್ತು. ಅವರು ಊರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ‘ಸಾರ್ವಭೌಮತ್ವ’ ಎಂದು ಕ್ಲಾಸಿನಲ್ಲಿ ಒಮ್ಮೆ ಗುಡುಗಿದರೆ ರೈಲ್ವೆ ಸ್ಟೇಷನ್ನಿನಲ್ಲಿ ಗಾರ್ಡು ಬೆಚ್ಚಿಬಿದ್ದು ಹಸಿರು ಬಾವುಟ ಎತ್ತಿಬಿಡುತ್ತಿದ್ದ, ಅರಸೀಕೆರೆ ಗಾಡಿ ಹತ್ತಬೇಕಾದವರು ಕೈಯಲ್ಲಿ ಟಿಕೆಟ್ ಹಿಡಿದುಕೊಂಡು ಪ್ಲಾಟ್‌ಫಾರಮ್ಮಿನಲ್ಲೇ ಉಳಿಯುತ್ತಿದ್ದರು. ನಂಬದಿದ್ದವರು ಅರಸೀಕೆರೆಯಲ್ಲಿ ಕೇಳಬಹುದು.

ಇಂಥ ಮೇಷ್ಟ್ರಿಗೆ ಒಂದೇ ಕೊರಗು. ಊರೊಳಗೆ ಎಷ್ಟು ಗುಡುಗಿದರೂ ವಿಶ್ವವಿದ್ಯಾನಿಲಯದ ಕಡೆ ಅವರ ಹೆಸರು ಹೋಗಿರಲಿಲ್ಲ. ಎಂಬತ್ತೇಳನೇ ಇಸವಿಯಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ಬಂತು, ನಾಲ್ಕಕ್ಕೆ ಒಂದು ಸೀಟು ಹೆಂಗಸರಿಗೆ ಎಂದಾಯಿತು, ಅದುವರೆಗೆ ಹಿತ್ತಲ ಬಾಗಿಲಲ್ಲಿ ಮಾತ್ರ ಕಾಣುತ್ತಿದ್ದ ಹೆಂಗಸರ ಫೋಟೋ ಊರೂರಿನ ಗೋಡೆ ಮೇಲೆ ಬಂತು. ಮೇಷ್ಟ್ರು ತೊಡೆ ತಟ್ಟಿಕೊಂಡು ಎದ್ದರು. ‘ಗ್ರಾಮೀಣ ರಾಜಕೀಯದಲ್ಲಿ ಮಹಿಳೆಯ ಮೇಲಿನ ಹಿಂಸೆ’ ಎಂಬುದನ್ನು ಅಭ್ಯಾಸ ಮಾಡಿ ಮೈಸೂರಿನ ವಿಚಾರಗೋಷ್ಠಿಯಲ್ಲಿ ಪ್ರಬಂಧ ಓದುವುದಾಗಿ ಸ್ಟಾಫ್ ರೂಮಿನಲ್ಲಿ ಘೋಷಿಸಿದರು. ಅವರ ಬಳಿ ಇದ್ದ ಪುಸ್ತಕಗಳಲ್ಲೆಲ್ಲ ಹಿಂಸೆ ಎಂದರೆ ಯುದ್ಧ, ದಂಗೆ, ಲಾಠಿ ಏಟು. ಅಡುಗೆಮನೆಯ ಹೊಸಿಲನ್ನು ರಾಜ್ಯಶಾಸ್ತ್ರ ಅಲ್ಲಿಯ ತನಕ ತುಳಿದೇ ಇರಲಿಲ್ಲ. ಆ ಹೊಸಿಲಿಗೆ ಮೊದಲು ಕಾಲಿಡುವವನು ತಾನೇ ಎಂದು ಮೇಷ್ಟ್ರು ಹೊಸ ಚಪ್ಪಲಿಯನ್ನೂ ಕೊಂಡರು.

ಹಾಗೆ ಲೂನಾ ಹತ್ತಿ ಹೊರಟವರು ಒಂದು ಬುಧವಾರ ಹೊನ್ನವಳ್ಳಿ ಆಚೆಯ ದೊಣೆಪಾಳ್ಯಕ್ಕೆ ಬಂದರು. ಅಲ್ಲಿಯ ಹೊಸ ಮೆಂಬರು ಚಿಕ್ಕಗೌರಮ್ಮನ ಮನೆ ಯಾವುದು ಎಂದು ಕೇಳಿದರೆ ಯಾರಿಗೂ ಹೆಸರು ಬೇಕಾಗಿರಲಿಲ್ಲ. “ಎಲ್ಡ್ ತಲೆ ಮರದ ಮನೆ ಅಲ್ವಾ? ಸೀದಾ ಹೋಗಿ” ಅಂದರು. ನಿಜಕ್ಕೂ ಆ ಮನೆಯ ಮುಂದಿನ ತೆಂಗಿನ ಮರ ಅರ್ಧದವರೆಗೆ ಒಂದಾಗಿ ಬೆಳೆದು, ಅಲ್ಲಿಂದ ಮೇಲೆ ಅಣ್ಣತಮ್ಮಂದಿರು ಪಾಲಾದ ಹಾಗೆ ಕವಲೊಡೆದು, ಎರಡು ತಲೆ ಹೊತ್ತು ನಿಂತಿತ್ತು. ಲಕ್ಷಗಟ್ಟಲೆ ತೆಂಗು ಇರುವ ಸೀಮೆಯಲ್ಲಿ ಅಂಥದ್ದು ಅದೊಂದೇ. ಹುಳಿಯಾರಿನ ಕುರುಬರು ಕುರಿ ಹೊಡೆದುಕೊಂಡು ಬರುವಾಗ ದಾರಿ ತಪ್ಪಿದರೆ ಕತ್ತೆತ್ತಿ ಆ ಮರ ನೋಡಿ ದಿಕ್ಕು ಹಿಡಿಯುತ್ತಿದ್ದರಂತೆ.

ಚಿಕ್ಕಗೌರಮ್ಮ ಆ ಮರದ ನೆರಳಲ್ಲೇ ಗರಿಯ ಕಡ್ಡಿ ಸೀಳಿ ಪೊರಕೆ ಕಟ್ಟುತ್ತಿದ್ದರು. ಗಂಡ ತಿಪ್ಪಯ್ಯ ಕೊಬ್ಬರಿ ಹಾಕಿಕೊಂಡು ತಿಪಟೂರಿಗೆ ಹೋಗಿದ್ದ. ಅತ್ತೆ ಭೂತಮ್ಮ ಮೇಷ್ಟ್ರಿಗೆ ಮಜ್ಜಿಗೆ ತರಲು ಒಳಕ್ಕೆ ಹೋದರು. ಮುದುಕಿ ಮಜ್ಜಿಗೆಯನ್ನು ಮೊಸರಿನಿಂದ ಅಲ್ಲ, ಎಮ್ಮೆಯಿಂದಲೇ ಶುರುಮಾಡಿದರೋ ಏನೋ, ಅಷ್ಟು ಹೊತ್ತು ಬರಲಿಲ್ಲ. ಆ ಹೊತ್ತಿನಲ್ಲಿ ಮೇಷ್ಟ್ರು ಕೇಳಿದರು: “ಪ್ರಧಾನರ ಚುನಾವಣೆ ದಿನ ನೀವು ಓಟು ಹಾಕಲಿಲ್ಲವಂತೆ. ಯಾಕಮ್ಮ?”

ಕಡ್ಡಿ ಸೀಳುತ್ತಿದ್ದ ಕೈ ನಿಲ್ಲಲಿಲ್ಲ.

“ನನ್ನೆಸ್ರು ಎಲ್ಲೂ ಬರಬಾರ್ದು ಸಾ.”

“ರಾಜ್ಯಶಾಸ್ತ್ರದಲ್ಲಿ ಗುಟ್ಟು ಅಂದ್ರೆ ಗುಟ್ಟು ಕಣಮ್ಮ. ಇಂದ್ರ ಬಂದು ಕೇಳಿದರೂ ಹೇಳಲ್ಲ.”

“ಇಂದ್ರ ಕೇಳಿದ್ರೆ ಹೇಳಿ ಸಾ, ಪರವಾಗಿಲ್ಲ. ನಮ್ಮೂರೋರು ಕೇಳಿದ್ರೆ ಹೇಳಬ್ಯಾಡಿ” ಎಂದು ನಕ್ಕು, ಆಮೇಲೆ ಹೇಳಿದರು.

ಮೆಂಬರುಗಳೇ ಕೈ ಎತ್ತಿ ಆರಿಸುವ ಮಂಡಲದ ಪ್ರಧಾನನಾಗಲು ನಿಂತಿದ್ದವನು ಅದೇ ಊರಿನ ಯಜಮಾನ ಕೆಂಚಯ್ಯ. ಸರ್ಕಾರ ಊರಿಗೆಂದು ತೋಡಿಸಿದ ಬೋರ್‌ವೆಲ್ಲು ಅದು ಹೇಗೋ ಆತನ ತೋಟದ ಬೇಲಿಯೊಳಗೇ ಬಿದ್ದಿತ್ತು. ಹೆಂಗಸರು ನೀರಿಗೆ ಹಳೇ ಬಾವಿಗೇ ನಡೆಯಬೇಕು. ಚಿಕ್ಕಗೌರಮ್ಮ ತಾನು ಕೆಂಚಯ್ಯನಿಗೆ ಕೈ ಎತ್ತುವುದಿಲ್ಲ ಎಂದು ಮನೆಯಲ್ಲಿ ಹೇಳಿದರು. ತಿಪ್ಪಯ್ಯ ಜಗಳ ಆಡಲಿಲ್ಲ. ಚುನಾವಣೆಯ ದಿನ ಬೆಳಿಗ್ಗೆ, “ಅಟ್ಟ ಹತ್ತಿ ಯಾವ ಕಾಯಿ ಗಿಟುಕಾಗೈತೆ ನೋಡೇ” ಎಂದ. ಆ ಕಡೆಯ ಮನೆಗಳಲ್ಲಿ ಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳಾನುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ ಕೊಬ್ಬರಿ ಗಿಟುಕಾದ ಮೇಲೆ ಕಾಯಿ ಅಲ್ಲಾಡಿಸಿದರೆ ಲೊಟಕ್ ಎನ್ನುತ್ತದೆ. ಚಿಕ್ಕಗೌರಮ್ಮ ಏಣಿ ಹತ್ತಿ ಮೇಲೆ ಹೋಗಿ ಕಾಯಿ ಅಲ್ಲಾಡಿಸುತ್ತ ಕೂತಾಗ ಕೆಳಗಿನಿಂದ ಏಣಿ ತೆಗೆದರು.

“ಮೆಂಬರುಗಳ್ನ ಕರಕಂಡು ಹೋಗೋ ಟ್ರ್ಯಾಕ್ಟರು ನಮ್ಮನೆ ಮುಂದೆ ನಿಂತು ಹಾರನ್ ಹೊಡೀತು. ಕೂಗಿದೆ. ಕೆಳಗೆ ನಮ್ಮತ್ತೆ ಅಕ್ಕಿ ಆರಿಸ್ತಾ ಕೂತಿದ್ರು. ಏಣಿ ಅಲ್ಲೇ ಗ್ವಾಡೆಗೆ ಒರಗಿತ್ತು. ಬೈಗಾಯ್ತು, ಏಣಿ ಹಾಕಿದ್ರು, ಇಳಿದೆ, ಮುದ್ದೆ ತೊಳಸಿ ಇಕ್ಕಿದೆ. ಒಂದು ಬೈಗುಳ ಇಲ್ಲ, ಒಂದೇಟಿಲ್ಲ. ಕೆಂಚಯ್ಯ ಒಂದೋಟಲ್ಲಿ ಗೆದ್ದನಂತೆ. ಊರೋರು ಏನಂದ್ರು ಗೊತ್ತಾ ಸಾ? ಗೌರಿ ಹೆದರ್ಕಂಡು ಬರಲಿಲ್ಲ ಅಂದ್ರು.” ಅಷ್ಟು ಹೇಳಿ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ತುದಿ ಸರಿಮಾಡಿದರು. “ಹೊಡೆದಿದ್ರೆ ವಾಸಿ ಇತ್ತು. ಬಾಸುಂಡೆನಾದ್ರೂ ಇರೋದು ತೋರ್ಸಕ್ಕೆ.”

ಭೂತಮ್ಮನ ಮಜ್ಜಿಗೆ ಬಂತು. ಮೇಷ್ಟ್ರು ಕುಡಿದರು.

ಲೂನಾದಲ್ಲಿ ವಾಪಸು ಬರುವಾಗ ಅವರ ತಲೆ ಗಾಲಿಗಿಂತ ಜೋರಾಗಿ ತಿರುಗುತ್ತಿತ್ತು. ಅದ್ಭುತವಾದ ವಸ್ತು. ಆದರೆ ಏಣಿ? ಏಣಿ ತೆಗೆದಿಟ್ಟದ್ದನ್ನು ಹಿಂಸೆ ಎಂದು ಸಭೆಯಲ್ಲಿ ಹೇಳಿದರೆ ಜನ ನಗುವುದಿಲ್ಲವೇ? ರಕ್ತವಿಲ್ಲ, ಕಣ್ಣೀರಿಲ್ಲ, ಅಕ್ಕಿ ಆರಿಸುವ ಅತ್ತೆ ಇದ್ದಾಳೆ. ಲಾಠಿ ಏಟಿನ ಪಕ್ಕದಲ್ಲಿ ಇದನ್ನು ನಿಲ್ಲಿಸುವುದು ಹೇಗೆ? ಹೊನ್ನವಳ್ಳಿ ದಾಟುವ ಹೊತ್ತಿಗೆ ತಿಪ್ಪಯ್ಯನ ಕೈಗೆ ಗರಿಯ ಹಸೀ ಮಟ್ಟೆಯೊಂದು ಬಂದಿತ್ತು. ತಿಪಟೂರು ಮುಟ್ಟುವ ಹೊತ್ತಿಗೆ ಆ ಮಟ್ಟೆ ಮುರಿದು ಇನ್ನೊಂದು ಬಂದಿತ್ತು.

ಮನೆಯಲ್ಲಿ ಹೆಂಡತಿ ದ್ರಾಕ್ಷಾಯಣಮ್ಮನ ಮುಂದೆ ಭಾಷಣದ ತಾಲೀಮು ನಡೆಯಿತು. ಆಕೆ ಇಡೀ ತಿಪಟೂರಿನಲ್ಲಿ ಮೇಷ್ಟ್ರ ಭಾಷಣದ ನಡುವೆ ಆಕಳಿಸುವ ಧೈರ್ಯ ಇದ್ದ ಏಕೈಕ ವ್ಯಕ್ತಿ.

“ಮಟ್ಟೆಲಿ ಹೊಡೆದ ಅಂತ ಆ ಹೆಣ್ಣು ಹೇಳಿದ್ಲೇನ್ರೀ?”

“ಹೇಳದೇ ಇದ್ರೂ ಅರ್ಥ ಅದೇ ಕಣೇ.”

“ಅರ್ಥ ಬೇರೆ, ಮಟ್ಟೆ ಬೇರೆ ಕಣ್ರೀ. ಅರ್ಥಕ್ಕೆ ಬೆನ್ನ ಮೇಲೆ ಬರೆ ಬರಲ್ಲ.”

“ನಿನಗೆ ರಾಜ್ಯಶಾಸ್ತ್ರ ತಿಳಿಯಲ್ಲ ಬಿಡು.”

“ತಿಳಿಯೋದು ಬೇಡ ಬಿಡಿ, ನಮ್ಮನೇಲಿ ಅಟ್ಟ ಇಲ್ಲವಲ್ಲ, ಅಷ್ಟೇ ಸಾಕು” ಎಂದು ಆಕೆ ಒಗ್ಗರಣೆಗೆ ಎದ್ದು ಹೋದಳು.

ಸ್ವಲ್ಪ ದಿನಕ್ಕೆ ತಾಲ್ಲೂಕಿನ ಹೊಸ ಮಹಿಳಾ ಸದಸ್ಯರಿಗೆ ತಿಪಟೂರಿನ ಕಲ್ಯಾಣಮಂಟಪವೊಂದರಲ್ಲಿ ತರಬೇತಿ ಶಿಬಿರ ಏರ್ಪಾಟಾಯಿತು. ಮುಖ್ಯ ಭಾಷಣ ಮೇಷ್ಟ್ರದು. ಶಿಬಿರ ಹೆಂಗಸರದ್ದಾದರೂ ಕುರ್ಚಿಗಳ ಮೇಲೆಲ್ಲ ಗಂಡಸರೇ. ಹೆಂಡತಿಗೆ ಬದಲಾಗಿ ಗಂಡ ಬಂದಿದ್ದ. ಗಂಡನಿಗೆ ಬಿಡುವಿಲ್ಲದ ಕಡೆ ಮೈದುನ ಬಂದಿದ್ದ. ಎಲ್ಲರೂ ಎದೆಗೆ ‘ಮಹಿಳಾ ಸದಸ್ಯರು’ ಎಂಬ ಗುಲಾಬಿ ಬ್ಯಾಡ್ಜು ಸಿಕ್ಕಿಸಿಕೊಂಡು, ಮೀಸೆ ತಿರುವುತ್ತ, ಉಪ್ಪಿಟ್ಟಿಗೆ ಕಾಯುತ್ತಿದ್ದರು. ನಿಜವಾದ ಮೆಂಬರುಗಳು ಕೆಲವರು ಹಿಂದಿನ ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು, ಉಳಿದವರು ಮನೆಯಲ್ಲಿದ್ದರು.

ಮೇಷ್ಟ್ರು ಮಾತಿಗೆ ನಿಂತರು. ಗುಟ್ಟು ಕಾಪಾಡಲು ಅವರು ಮಾಡಿಕೊಂಡಿದ್ದ ಸಿದ್ಧತೆ ಸಾಮಾನ್ಯದ್ದಲ್ಲ. ಚಿಕ್ಕಗೌರಮ್ಮ ‘ಸಾವಿತ್ರಮ್ಮ’ ಆಗಿದ್ದರು. ದೊಣೆಪಾಳ್ಯ ‘ಮಾಯಸಂದ್ರದ ಕಡೆಯ ಒಂದು ಹಳ್ಳಿ’ಯಾಗಿತ್ತು. ಗಂಡನಿಗೆ ಕೊಬ್ಬರಿ ಬಿಡಿಸಿ ಕುರಿ ವ್ಯಾಪಾರ ಹಚ್ಚಿದ್ದರು, ಅತ್ತೆಯನ್ನು ಸಾಯಿಸಿಯೇ ಬಿಟ್ಟಿದ್ದರು. ಅಟ್ಟ ಇತ್ತು, ಏಣಿ ಇತ್ತು, ಆದರೆ ಅವೆರಡೂ ಒಂದೊಂದು ವಾಕ್ಯದಲ್ಲಿ ಮುಗಿದು ಮಟ್ಟೆ ಬಂತು. ಮಟ್ಟೆ ಗಾಳಿಯಲ್ಲಿ ಸುಂಯ್ ಎಂದು ತಿರುಗಿತು. ಸಾವಿತ್ರಮ್ಮನ ಸೀರೆ ರಕ್ತದಲ್ಲಿ ತೊಯ್ದಿತು. ಮಂಟಪದಲ್ಲಿ ಸೂಜಿ ಬಿದ್ದರೆ ಹೊನ್ನವಳ್ಳಿಗೆ ಕೇಳಿಸಬೇಕು, ಅಂಥ ನಿಶ್ಶಬ್ದ. ಹಿಂದೆ ಕೂತಿದ್ದ ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು. ಆ ಹುರುಪಿನಲ್ಲಿ ಮೇಷ್ಟ್ರ ನಾಲಗೆ ಅವರನ್ನು ಬಿಟ್ಟು ಮುಂದಕ್ಕೆ ಓಡಿತು.

“ಮಹನೀಯರೇ, ಆ ತಾಯಿ ತನ್ನ ಮನೆಯ ಮುಂದಿನ ತೆಂಗಿನ ಮರದ ಕೆಳಗೆ ಕೂತು ನನಗೆ ಇದನ್ನು ಹೇಳಿದಳು. ಆ ಮರಕ್ಕೆ ಎರಡು ತಲೆ! ಒಂದು ತಲೆ ಸಂವಿಧಾನದ ಕಡೆ ನೋಡುತ್ತಿದೆ, ಇನ್ನೊಂದು ತಲೆ ಆ ಕಟುಕನ ಅಂಗಳದ ಕಡೆ ನೋಡುತ್ತಿದೆ!”

ಚಪ್ಪಾಳೆ ಬೀಳಬೇಕಾದ ಜಾಗದಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಇಡೀ ಸಭೆಯ ಕತ್ತು ಒಂದೇ ಕಡೆ ತಿರುಗಿತು. ಕಂಬದ ಪಕ್ಕ ಗುಲಾಬಿ ಬ್ಯಾಡ್ಜಿನ ಒಬ್ಬ ಸಣಕಲ ಮನುಷ್ಯ ಕೂತಿದ್ದ.

“ಲೇ ತಿಪ್ಪಯ್ಯ,” ಹಿಂದಿನಿಂದ ಯಾರೋ ಕೂಗಿದರು, “ನಿಮ್ಮನೆ ಮರ ಅಲ್ವೇನ್ಲಾ ಅದು!”

ಮಂಟಪ ಹಾರಿಹೋಗುವ ಹಾಗೆ ನಗೆ ಎದ್ದಿತು. ಆ ನಗೆಯೊಳಗೇ ಚಪ್ಪಾಳೆಯೂ ಶುರುವಾಯಿತು.

ಏಕಾಂತಯ್ಯ ಮೇಷ್ಟ್ರು ಆ ಮುಖ ನೋಡಿದರು. ಮುಂದೆ ಎಷ್ಟೋ ಕಾಲ ಊಟಕ್ಕೆ ಕೂತಾಗ, ಬೋರ್ಡಿನ ಕಡೆ ತಿರುಗಿದಾಗ, ಲೂನಾಕ್ಕೆ ಪೆಟ್ರೋಲ್ ಹಾಕಿಸುವಾಗ ಅವರನ್ನು ಹಿಡಿದು ಅಲ್ಲಾಡಿಸಿದ್ದು ಆ ಮುಖವಲ್ಲ. ಅದನ್ನು ನೋಡಿದ ಮೇಲೂ ತಮಗೆ ಸಿಕ್ಕಿದ್ದ ಹೊತ್ತು. ‘ಇದು ಬೇರೆ ಮರ, ತುರುವೇಕೆರೆಯದು, ಕಟ್ಟುಕತೆ’ ಎಂದು ಏನಾದರೊಂದು ಹೇಳಿ ನಿಲ್ಲಿಸಬಹುದಾಗಿತ್ತು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಇತ್ತು. ಅವರು ನೀರೇ ಕುಡಿದರು. ಚಪ್ಪಾಳೆ ಇನ್ನೂ ನಡೆಯುತ್ತಿತ್ತು. ಲೋಟ ಕೆಳಗಿಟ್ಟು, ಮೇಜು ಗುದ್ದಿ, ಮೊದಲಿಗಿಂತ ದೊಡ್ಡ ದನಿಯಲ್ಲಿ ಮಟ್ಟೆಯನ್ನು ಇನ್ನೊಂದು ಸಲ ತಿರುಗಿಸಿ ಭಾಷಣ ಮುಗಿಸಿದರು.

ಆ ವಾರದಲ್ಲೇ ದೊಣೆಪಾಳ್ಯದಿಂದ ಬೋರಯ್ಯ ಎಂಬುವವನು ಕಾಲೇಜಿನ ಗೇಟಿಗೆ ಬಂದ. ಊರಿನ ಪರವಾಗಿ ಕರೆ ಹೇಳಲು ಬಂದವನು.

“ಭಾನುವಾರ ಕರಿಯಮ್ಮನ ಗುಡೀಲಿ ನ್ಯಾಯ ಐತೆ ಸಾ. ನೀವು ಬರಬೇಕಂತೆ.”

“ಗೌರಮ್ಮನವರು ಹೇಗಿದ್ದಾರೆ?”

“ಹೆಂಗಿರ್ತಾರೆ ಸಾ. ತಿಪ್ಪಯ್ಯ ಅವರ ಕೈಲಿ ಉಣ್ತಿಲ್ಲ. ಗಂಡ ಹೊಡೀದೆ ಇದ್ರೂ ಹೊಡೆದ ಅಂತ ಪರಊರೋರ ತಾವ ಹೇಳ್ಕಂಡ್ಲು ಅಂತ ಊರೆಲ್ಲಾ ಉಗೀತೈತೆ. ಮೆಂಬರ್‌ಗಿರಿ ಬುಟ್ಟು ರಾಜೀನಾಮೆ ಬರಕೊಟ್ಟು, ಗುಡಿ ಮುಂದೆ ಗಂಡನ ಕಾಲು ಹಿಡೀಬೇಕು ಅಂತ ಕೆಂಚಯ್ಯನೋರು ಹೇಳವ್ರೆ.” ಹೋಗುತ್ತ ಬೋರಯ್ಯ ಬೇಲಿ ಪಕ್ಕ ಬಿದ್ದಿದ್ದ ಗರಿಯೊಂದನ್ನು ನೋಡಿ ಹೇಳಿದ: “ಆವತ್ತು ಭಾಷಣ ಮಾತ್ರ ಸಕತ್ತಾಗಿತ್ತು ಕಣ್ರೀ.”

ಮೇಷ್ಟ್ರಿಗೆ ಆ ಹೊಗಳಿಕೆ ಬಿಸಿ ಎಣ್ಣೆಯ ಹಾಗೆ ಕಿವಿಗಿಳಿಯಿತು. ಭಾನುವಾರದವರೆಗೆ ದ್ರಾಕ್ಷಾಯಣಮ್ಮ ಬಡಿಸಿದ ಮುದ್ದೆ ತಟ್ಟೆಯಲ್ಲೇ ಚಾಮುಂಡಿ ಬೆಟ್ಟದ ಹಾಗೆ ಉಳಿಯಿತು. ಆಕೆ ಏನೂ ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹೊರಡುವಾಗ ಮಾತ್ರ, “ಅಲ್ಲಿ ಹೋಗಿ ಭಾಷಣ ಮಾಡಬೇಡಿ. ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟು ಹೇಳಿ ಬನ್ನಿ” ಎಂದಳು.

ಗುಡಿಯ ಮುಂದೆ ನೆರೆದಿದ್ದ ಜನ ನೋಡಿದರೆ ಭೂಮಿ ಆ ಕಡೆಗೇ ಒಂದಿಷ್ಟು ವಾಲಿರಬೇಕು. ಜಗಲಿಯ ನಡುವೆ ಕೆಂಚಯ್ಯ. ಗೆದ್ದವನೂ ಆತನೇ, ನ್ಯಾಯ ಹೇಳುವವನೂ ಆತನೇ. ಒಂದು ಕಡೆ ತಿಪ್ಪಯ್ಯ ಮತ್ತು ತಾಯಿ ಭೂತಮ್ಮ, ಇನ್ನೊಂದು ಕಡೆ ಬೇವಿನ ಬುಡದಲ್ಲಿ ಚಿಕ್ಕಗೌರಮ್ಮ ಒಬ್ಬರೇ. ಅವರು ಮೇಷ್ಟ್ರ ಕಡೆ ನೋಡಲಿಲ್ಲ.

“ಬನ್ನಿ ಮೇಷ್ಟ್ರೇ,” ಕೆಂಚಯ್ಯ ನಕ್ಕ. “ನೀವು ಕಾಯ್ದೆ ತಿಳಿದೋರು, ನಾವು ಕಾಯಿ ಕೆಡವೋರು. ಒಂದೇ ಪ್ರಶ್ನೆ. ನಮ್ಮ ತಿಪ್ಪಯ್ಯ ಮಟ್ಟೇಲಿ ಹೊಡೆದ ಅಂತ ಈ ಹೆಣ್ಣು ನಿಮ್ಮ ತಾವ ಹೇಳಿದ್ಲಾ?”

ದಾರಿಯುದ್ದಕ್ಕೂ ಮೇಷ್ಟ್ರು ಕಟ್ಟಿಕೊಂಡು ಬಂದಿದ್ದ ಮಾತು ಸಂವಿಧಾನಕ್ಕಿಂತ ಉದ್ದವಿತ್ತು, ತಿದ್ದುಪಡಿಗಳೂ ಸೇರಿದ್ದವು. ‘ಹೌದು’ ಎಂದರೆ ತಮ್ಮ ಮಾನ ಉಳಿಯುತ್ತಿತ್ತು, ಚಿಕ್ಕಗೌರಮ್ಮನದು ಹೋಗುತ್ತಿತ್ತು. ಬೇವಿನ ಬುಡ ಒಮ್ಮೆ ನೋಡಿದರು.

“ಇಲ್ಲ. ಅವರು ಹೇಳಲಿಲ್ಲ. ಮಟ್ಟೆ ನಾನು ಸೇರಿಸಿದ್ದು.”

ಜನ ಹೋ ಎಂದರು. “ಮಟ್ಟೆ ಮೇಷ್ಟ್ರು!” ಎಂದು ಯಾರೋ ಕೂಗಿದರು. ಆ ಹೆಸರು ಅಂದಿನಿಂದ ಅವರಿಗೆ ಅಂಟಿಕೊಂಡದ್ದು ಇಂದಿಗೂ ಬಿಟ್ಟಿಲ್ಲ.

“ಆದರೆ ಏಣಿ ತೆಗೆದದ್ದು ನಿಜ,” ಮೇಷ್ಟ್ರು ದನಿಯೇರಿಸಿದರು. “ಚುನಾವಣೆಯ ದಿನ ಅವರನ್ನು ಅಟ್ಟ ಹತ್ತಿಸಿ...”

ಕೆಂಚಯ್ಯ ಕೈ ಅಡ್ಡ ಹಿಡಿದ. “ಬುಡಿ ಮೇಷ್ಟ್ರೇ. ಮಟ್ಟೆ ಸೇರ್ಸಿದೋರು ಏಣಿ ಸೇರ್ಸದೆ ಬುಡ್ತೀರಾ?”

ಈ ಸಲದ ನಗೆ ಮೊದಲಿನದಕ್ಕಿಂತ ದೊಡ್ಡದು. ಗುಡಿಯ ಮೇಲಿನ ಪಾರಿವಾಳಗಳೆಲ್ಲ ಎದ್ದು ಚಿಕ್ಕನಾಯಕನಹಳ್ಳಿ ಕಡೆ ಹೋದವು. ಮೇಷ್ಟ್ರ ಬಾಯಿಯಲ್ಲಿ ಮಾತು ಇನ್ನೂ ಇತ್ತು. ಆದರೆ ಅದನ್ನು ಕೇಳುವ ಒಂದು ಕಿವಿಯೂ ಅಲ್ಲಿ ಉಳಿದಿರಲಿಲ್ಲ. ನಿಜವಾಗಿ ನಡೆದದ್ದು ಏಣಿಯ ಸಂಗತಿಯೊಂದೇ, ಅದನ್ನೇ ಅವರ ಮಟ್ಟೆ ಹೊಡೆದು ಕೆಡವಿಹಾಕಿತ್ತು.

ತಿಪ್ಪಯ್ಯ ಎದೆಯುಬ್ಬಿಸಿ ಎದ್ದ. “ಕರ್ಪೂರ ಹಚ್ಚಿ. ಅಮ್ಮನ ಮುಂದೆ ಆಣೆ ಮಾಡ್ತೀನಿ.” ಪೂಜಾರಿ ಕಲ್ಲಿನ ಮೇಲೆ ಕರ್ಪೂರ ಹಚ್ಚಿದ. ಆ ಗುಡಿಯಲ್ಲಿ ಆಣೆ ಎಂದರೆ ಮಾತು ಹೇಳಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸುವುದು. ಸುಳ್ಳಾಡಿ ಆರಿಸಿದವನ ಮನೆಯಲ್ಲಿ ಆಮೇಲೆ ದೀಪ ಹತ್ತುವುದಿಲ್ಲವೆಂದು ಆ ಸುತ್ತಿನ ಹಳ್ಳಿಗಳೆಲ್ಲ ನಂಬಿದ್ದವು. “ನಾನು ಇವಳ ಮೇಲೆ ಇವತ್ತಿನಗಂಟ ಕೈ ಮಾಡಿಲ್ಲ” ಎಂದು ತಿಪ್ಪಯ್ಯ ಪಟ್ ಎಂದು ಆರಿಸಿದ. ಅಂಗೈ ಎತ್ತಿ ಎಲ್ಲರಿಗೂ ತೋರಿಸಿದ. ಹೆಂಗಸರೂ ‘ಪಾಪ’ ಎಂದರು.

“ಆಯ್ತಲ್ಲಮ್ಮ,” ಕೆಂಚಯ್ಯ ಬೇವಿನ ಕಡೆ ತಿರುಗಿದ. “ಇನ್ನ ನೀನು ರಾಜೀನಾಮೆ ಬರಕೊಡು.”

ಚಿಕ್ಕಗೌರಮ್ಮ ಎದ್ದು ನಿಂತರು. ಮೊಣಕಾಲ ಮಣ್ಣು ಕೊಡವಿಕೊಂಡರು.

“ಕೈ ಮಾಡಿಲ್ಲ, ದಿಟ. ಬೇಕಾರೆ ನಾನೂ ಆಣೆ ಮಾಡ್ತೀನಿ. ಪೂಜಾರಪ್ಪ, ಇನ್ನೊಂದ್ ಬಿಲ್ಲೆ ಹಚ್ಚಪ್ಪ. ಎಲೆಕ್ಷನ್ ದಿನ ನಾನು ಅಟ್ಟದ ಮೇಲಿದ್ದಾಗ ಏಣಿ ತೆಗೀಲಿಲ್ಲ ಅಂತ ಅದನ್ನೂ ಆರಿಸಿಬುಡ್ಲಿ. ಆಗ ರಾಜೀನಾಮೆನೂ ಬರಕೊಡ್ತೀನಿ, ಕಾಲೂ ಹಿಡೀತೀನಿ.”

“ಅದೆಲ್ಲಾ ಯಾಕೀಗ...” ಕೆಂಚಯ್ಯ ಎಂದ. ಆದರೆ ಪೂಜಾರಿ ಅಷ್ಟರಲ್ಲಿ ಹಚ್ಚಿಬಿಟ್ಟಿದ್ದ. ಅವನ ಹೆಂಡತಿಯೂ ಹಳೇ ಬಾವಿಗೇ ನೀರಿಗೆ ಹೋಗುವವಳು.

ತಿಪ್ಪಯ್ಯ ಬಗ್ಗಿದ. ಅಂಗೈ ಕರ್ಪೂರದ ಮೇಲೆ ಬಂತು. ಅಲ್ಲೇ ನಿಂತಿತು.

“ಇಲಿ ಕಾಟ,” ಅವನು ಎಂದ. “ಇಲಿ ಹತ್ತುತಾವೆ ಅಂತ ಏಣಿ...”

“ಇಲಿ ಮಾತು ಬ್ಯಾಡ. ತೆಗೀಲಿಲ್ಲ ಅನ್ನು, ಆರಿಸು” ಎಂದರು ಚಿಕ್ಕಗೌರಮ್ಮ.

ಉರಿ ನೀಲಿಯಾಗಿ ಸಣ್ಣದಾಗುತ್ತಿತ್ತು. ತಿಪ್ಪಯ್ಯ ಕೆಂಚಯ್ಯನ ಕಡೆ ನೋಡಿದ, ಕೆಂಚಯ್ಯ ಆಕಾಶ ನೋಡಿದ. ತಿಪ್ಪಯ್ಯನ ಅಂಗೈ ಇನ್ನಷ್ಟು ಕೆಳಗಿಳಿಯುವಷ್ಟರಲ್ಲಿ ಭೂತಮ್ಮ ಓಡಿಬಂದು ಮಗನ ಮಣಿಕಟ್ಟು ಹಿಡಿದರು.

“ಬ್ಯಾಡ ಕಣ್ಲಾ ಮಗನೇ! ಸುಳ್ಳಾಣೆ ಬ್ಯಾಡ. ಏಣಿಗೆ ನಾನೂ ಒಂದು ಕೈ ಹಾಕಿದ್ನಲ್ಲಾ. ನಮ್ಮನೆ ದೀಪ ಉಳ್ಕಳ್ಳಿ.”

ಕರ್ಪೂರ ತನ್ನಷ್ಟಕ್ಕೆ ತಾನೇ ಆರಿತು. ಯಾರೂ ನಗಲಿಲ್ಲ.

ಕೆಂಚಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಏಣಿ ಎತ್ತಿಡುವುದು ಎಲ್ಲರ ಮನೆಯಲ್ಲೂ ಉಂಟು, ಅದರಲ್ಲೇನು ನ್ಯಾಯ ಹೇಳುವುದು ಎಂದ. ರಾಜೀನಾಮೆಯ ಮಾತು ಸದ್ಯಕ್ಕೆ ಬೇಡ ಎಂದ. ಮೇಷ್ಟ್ರು ಮಾತ್ರ ಇನ್ನು ಮುಂದೆ ಈ ಊರಿಗೆ ಕಾಲಿಡಬಾರದು ಎಂದು ಕೊನೆಗೆ ಸೇರಿಸಿದ. ಅದಕ್ಕೆ ಇಡೀ ಊರು ಒಪ್ಪಿತು.

ಏಕಾಂತಯ್ಯ ಮೇಷ್ಟ್ರಿಗೆ ನಿಜ ಹೇಳಬೇಕೆಂದರೆ ಎದೆ ಹಗುರವಾಗಿತ್ತು. ಹೆಣ್ಣುಮಗಳು ಗೆದ್ದಳು, ಸೀಟು ಉಳಿಯಿತು, ಏಣಿಯ ಮಾತು ಊರ ಮುಂದೆ ಬಂತು. ಲೂನಾ ಸ್ಟಾರ್ಟ್ ಮಾಡುವ ಹೊತ್ತಿಗೆ ಆಗಲೇ ಅವರ ತಲೆಯೊಳಗೆ ಆ ಕರ್ಪೂರ ಹೋಮಕುಂಡದಷ್ಟು ದೊಡ್ಡದಾಗಿ ಉರಿಯತೊಡಗಿತ್ತು. ಎಂಥ ಪ್ರಬಂಧವಾಗುತ್ತದೆ! ಅಷ್ಟರಲ್ಲಿ ಚಿಕ್ಕಗೌರಮ್ಮ ಬೇಲಿಯ ಪಕ್ಕದಿಂದ ಬಂದರು.

“ಗೆದ್ದಿರಲ್ಲಮ್ಮ!” ಎಂದರು ಮೇಷ್ಟ್ರು.

“ಏನ್ ಗೆದ್ದೆ ಸಾ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಮೇಷ್ಟ್ರಿಗೆ ಕಷ್ಟವಾದದ್ದು. “ನನ್ ಗಂಡ ಹೊಡೆಯೋನಲ್ಲ ಅಂತ ಕರಿಯಮ್ಮನ ಮುಂದೆ ಆಯ್ತು. ನನ್ ಬಾಯಲ್ಲೂ ಹೇಳ್ಸಿದ್ರಿ. ಇದುವರ್ಗೂ ಹೊಡೆದಿರಲಿಲ್ಲ, ಅವರ ಮರ್ವಾದೆ ತೆಗೆಯೋ ಕೆಲ್ಸ ನಾನು ಮಾಡಿರಲಿಲ್ಲ. ಈಗ ಊರ ಮುಂದೆ ಅವರ ಕೈ ಕರ್ಪೂರದ ಮ್ಯಾಲೆ ನಿಂತೋಯ್ತಲ್ಲ, ಆ ಕೈ ನಾಳೆ ಸುಮ್ಕಿರುತ್ತಾ? ಒಂದ್ ವೇಳೆ ಬಿತ್ತು ಅನ್ನಿ. ಯಾರ ತಾವ ಹೋಗಿ ಹೇಳ್ಲಿ? ಆಣೆ ಮಾಡಿದ ಗಂಡ ಅಂತಾರೆ. ಮಟ್ಟೆ ಮೇಷ್ಟ್ರು ಹೇಳ್ಕೊಟ್ಟವ್ರೆ ಅಂತಾರೆ.”

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು.

“ಬ್ಯಾಡಿ ಸಾ” ಎಂದು ಆಕೆ ತಿರುಗಿ ಮನೆಯ ಕಡೆ ನಡೆದರು.

ಮೈಸೂರಿನ ವಿಚಾರಗೋಷ್ಠಿಯಲ್ಲಿ ಏಕಾಂತಯ್ಯ ಮೇಷ್ಟ್ರು ‘ರಾಜ್ಯಪಾಲರ ಅಧಿಕಾರಗಳು’ ಎಂಬ ಪ್ರಬಂಧ ಓದಿದರು. ರಾಜ್ಯಪಾಲರು ಬೇಲಿ ಪಕ್ಕ ಬಂದು ನಿಂತು ಕೇಳುವುದಿಲ್ಲವಲ್ಲ.

ಆದರೆ ಮಂಡಲ ಪಂಚಾಯ್ತಿಯ ಸಭೆ ಇರುವ ದಿನ ಅವರು ಕಾಲೇಜಿಗೆ ರಜಾ ಹಾಕತೊಡಗಿದರು. ಪಂಚಾಯ್ತಿ ಆಫೀಸು ದೊಣೆಪಾಳ್ಯದಲ್ಲಿರಲಿಲ್ಲವಾದ್ದರಿಂದ ಅಲ್ಲಿಗೆ ಬರಬೇಡ ಎನ್ನುವ ಹಕ್ಕು ಕೆಂಚಯ್ಯನಿಗೂ ಇರಲಿಲ್ಲ. ಎದುರಿಗೆ ಸಣ್ಣತಿಮ್ಮಯ್ಯನ ಟೀ ಹೋಟೆಲು. ಬಾಗಿಲ ಪಕ್ಕದ ಬೆಂಚಿನಲ್ಲಿ ಮೇಷ್ಟ್ರು ಕೂತು ರಸ್ತೆ ನೋಡುತ್ತಿದ್ದರು. ಸಣ್ಣತಿಮ್ಮಯ್ಯನ ಟೀ ಎಷ್ಟು ಗಟ್ಟಿಯೆಂದರೆ ಚಮಚ ನೆಟ್ಟರೆ ಧ್ವಜಸ್ತಂಭದ ಹಾಗೆ ನಿಲ್ಲುತ್ತಿತ್ತು. ಮೇಷ್ಟ್ರ ಲೋಟದಲ್ಲಿ ಅದು ಕೆನೆಗಟ್ಟಿ ತಣ್ಣಗಾಗುತ್ತಿತ್ತು.

ಮೊದಲ ಸಭೆಗೆ ಚಿಕ್ಕಗೌರಮ್ಮ ಬಂದರು. ಮುಂದೆ ತಿಪ್ಪಯ್ಯ, ಹಿಂದೆ ಅವರು. ಬೋರ್‌ವೆಲ್ ಬೇಲಿಯಾಚೆ ಬರಬೇಕೆಂದು ಅವರು ಒಳಗೆ ಮಾತೆತ್ತಿದರಂತೆ, ಕೆಂಚಯ್ಯ ಪರಿಶೀಲಿಸೋಣ ಎಂದನಂತೆ. ಅದು ಮೇಷ್ಟ್ರಿಗೆ ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ಅವರು ನೋಡುತ್ತಿದ್ದದ್ದು ಸೆರಗನ್ನು. ಅದು ಎರಡೂ ಹೆಗಲು ಮುಚ್ಚಿ, ಕತ್ತು ಸುತ್ತಿ, ಮುಂಗೈವರೆಗೂ ಇಳಿದಿತ್ತು. ಬಿಸಿಲು ಅಂದರೆ ರಸ್ತೆಯ ಟಾರು ಕರಗಿ ಎತ್ತಿನ ಗೊರಸಿಗೆ ಅಂಟುವ ಬಿಸಿಲು. ಎಲ್ಲ ಹೆಂಗಸರೂ ಸೆರಗು ಹೊದ್ದಿದ್ದರು. ಆದರೆ ಅಷ್ಟೊಂದು? ಬಿಸಿಲಿಗೋ, ಬಾಸುಂಡೆಗೋ?

ಬಾಗಿಲಲ್ಲಿ ಚಿಕ್ಕಗೌರಮ್ಮ ಒಮ್ಮೆ ತಿರುಗಿ ಹೋಟೆಲಿನ ಕಡೆ ನೋಡಿದರು. ಮೇಷ್ಟ್ರು ಲೋಟದೊಳಗೆ ಕಣ್ಣಿಟ್ಟರು.

“ಯಾರ್ನ ಕಾಯ್ತಿದೀರ ಸಾ?” ಸಣ್ಣತಿಮ್ಮಯ್ಯ ಕೇಳಿದ.

“ಯಾರೂ ಇಲ್ಲಪ್ಪ.”

ಮುಂದಿನ ಸಭೆಗೂ ಆಕೆ ಬಂದರು, ಅದರ ಮುಂದಿನದಕ್ಕೂ ಬಂದರು. ಮಳೆಗಾಲದಲ್ಲಿ ತಲೆಯ ಮೇಲೆ ಗೋಣಿಕೊಪ್ಪೆ ಬಂತು. ಆಮೇಲೆ ಚಳಿ ಶುರುವಾಯಿತು. ಪಂಚಾಯ್ತಿ ಮೆಂಬರುಗಳು ಹೆಣ್ಣು ಗಂಡೆನ್ನದೆ ಎಲ್ಲರೂ ಕುತ್ತಿಗೆಯವರೆಗೆ ಕಂಬಳಿ ಹೊದ್ದುಕೊಂಡೇ ಬರತೊಡಗಿದರು.